ಪ್ರತಿಕ್ರಿಯೆ: ರೇಡಿಯೊ ಕಾರ್ಯಕ್ರಮವನ್ನು ಲ್ಯಾಪ್‌ಟಾಪಿನಲ್ಲಿ ಧ್ವನಿಮುದ್ರಿಸುವುದು

ಮಾನ್ಯರೇ, ಮಡಿಕೇರಿ ಆಕಾಶವಾಣಿಯ ಕೊಡವ ಹಾಡುಗಳನ್ನು ರೇಡಿಯೊದ ಹೆಡ್‌ಫೋನ್ ಕಿಂಡಿಯಿಂದ ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ತಂತಿ ಜೋಡಿಸಿ ಮುದ್ರಿಸಿದರೆ ಧ್ವನಿ ಒಡೆಯುತ್ತದೆ, ಜೊತೆಗೆ ಗುಂಯ್‌ಗುಡುವ ಸದ್ದೂ ಬರುತ್ತದೆ ಎಂದು ಬರೆದಿದ್ದೀರಿ.

ಮೈಕ್ ಕಿಂಡಿ ಇರುವುದು ಅತಿ ಕ್ಷೀಣವಾದ ಸಂಕೇತವನ್ನು ಹಿಗ್ಗಿಸುವುದಕ್ಕೆ. ಹೆಡ್‌ಫೋನಿನಿಂದ ಬರುವ ಪ್ರಬಲ ಸಂಕೇತ ಅದಕ್ಕೆ ವಿಪರೀತವಾಗುವುದರಿಂದ ಧ್ವನಿ ಒಡೆಯುತ್ತದೆ, ಮತ್ತು ಹೀಗೆ ಒಡೆದದ್ದನ್ನು ಆಮೇಲೆ ಯಾವ ತಂತ್ರಾಂಶವೂ ಪೂರ್ತಿಯಾಗಿ ಸರಿಪಡಿಸಲಾರದು. ಆದ್ದರಿಂದ ಲೈನ್-ಇನ್ ಕಿಂಡಿ (ಇಂಥ ಪ್ರಬಲ ಸಂಕೇತಕ್ಕೆಂದೇ ಇರುವ ಕಿಂಡಿ) ಇರುವ ಯುಎಸ್‌ಬಿ ಸೌಂಡ್ ಕಾರ್ಡ್, ಅಂದರೆ ಲ್ಯಾಪ್‌ಟಾಪಿಗೆ ಹೊರಗಿನಿಂದ ಸಿಕ್ಕಿಸುವ ಧ್ವನಿ ಸಾಧನ, ಒಂದನ್ನು ಕೊಳ್ಳುವುದೇ ಸರಿಯಾದ ದಾರಿ. ಮೈಕ್ ಕಿಂಡಿ ಮಾತ್ರ ಇರುವ ಅಗ್ಗದ ಕಾರ್ಡಿನಿಂದ ಪ್ರಯೋಜನವಿಲ್ಲ. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ಲೈನ್-ಇನ್ ಇರುವ ಆ ಕಾರ್ಡನ್ನು ಆರಿಸಿ, ಅತಿ ಜೋರಾದ ಭಾಗವೂ ಅದರ ಧ್ವನಿಮಾಪಕದಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ರೇಡಿಯೊದ ಧ್ವನಿಯನ್ನು ತಗ್ಗಿಸಿಕೊಳ್ಳಿ.

ಗುಂಯ್‌ಗುಡುವ ಸದ್ದು ಬಹುಮಟ್ಟಿಗೆ ಚಾರ್ಜರಿನದು. ಅದನ್ನು ಕಿತ್ತು, ರೇಡಿಯೊ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಬ್ಯಾಟರಿಯಲ್ಲೇ ನಡೆಸಿ ನೋಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟನ್ನು ನಂಬಿ ಮುದ್ರಣಕ್ಕೆ ಕೂರುವುದು ಹೇಗೂ ಜಾಣತನವಲ್ಲ.

ಎಫ್‌ಎಂ ಪ್ರಸಾರದಲ್ಲಿ ಧ್ವನಿಯ ವ್ಯಾಪ್ತಿ ಸುಮಾರು 15 ಕಿಲೋಹರ್ಟ್ಸ್‌ವರೆಗೆ ಮಾತ್ರವಾದ್ದರಿಂದ ಮುದ್ರಣದ ಗುಣಮಟ್ಟವನ್ನು 44,100 ಹರ್ಟ್ಸ್ (ಸೆಕೆಂಡಿಗೆ ತೆಗೆಯುವ ಧ್ವನಿಮಾದರಿಗಳ ಸಂಖ್ಯೆ), 16 ಬಿಟ್ (ಪ್ರತಿ ಮಾದರಿಯ ನಿಖರತೆ) ಎಂದು ಇಟ್ಟರೆ ಧಾರಾಳವಾಯಿತು. ಸ್ಟೀರಿಯೊ ವೇವ್ ಕಡತಕ್ಕೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. 128 ಕೆಬಿಪಿಎಸ್ ಎಂಪಿ3 ಆದರೆ ಹೆಚ್ಚುಕಡಿಮೆ 1 ಎಂಬಿ. ಆದರೆ ಎಂಪಿ3 ಮಾಡುವಾಗ ಧ್ವನಿಯ ಸ್ವಲ್ಪ ಅಂಶ ಕಳೆದುಹೋಗುವುದರಿಂದ ಅಪರೂಪದ ಹಾಡುಗಳನ್ನು ವೇವ್ ಅಥವಾ ಫ್ಲ್ಯಾಕ್ (ಗುಣಮಟ್ಟ ಕೆಡದಂತೆ ಕುಗ್ಗಿಸಿದ ಕಡತ) ರೂಪದಲ್ಲೇ ಉಳಿಸಿ, ಬಂಧುಗಳಿಗೆ ಕಳುಹಿಸಲು ಮಾತ್ರ ಎಂಪಿ3 ಮಾಡಿಕೊಳ್ಳಿ.

ಮನೆಯ ಮಾಡಿನ ಮೇಲೆ ಆಂಟೆನಾ ಹಾಕಿದ್ದರೆ, ಗುಡುಗು ಕೇಳಿಸುವ ಮುನ್ನವೇ ಅದರ ತಂತಿಯನ್ನು ಕಳಚಿಡಿ.