ಬೇಸರ ಮಡಿಕೇರಿಯದೋ, ಚಪಾತಿಯದೋ?

(ಪ್ರವಾಸದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಕಕ್ಕಬ್ಬೆಯ ಬಳಿ ಹೋಂಸ್ಟೇ ನಡೆಸುವ ನಮ್ಮ ಅಂಕಣಕಾರ್ತಿಯ ಉತ್ತರ)

ಪ್ರಶ್ನೆ: ಅಕ್ಕಾ, ನಾನು ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯಲ್ಲಿ ದಸರಾ ರಜೆ ಅಂದರೆ ಮಡಿಕೇರಿ. ಅದೇ ಲಾಡ್ಜ್, ಅದೇ ಕೋಣೆ. ರಾಜಾಸೀಟು, ಅಬ್ಬಿ ಜಲಪಾತ, ವಾಪಸ್ ಬರುವಾಗ ನಿಸರ್ಗಧಾಮ. ಬೇರೆ ಊರಿನ ಹೆಸರೆತ್ತಿದರೆ ನಮ್ಮವರಿಗೆ ಮೈಮೇಲೆ ಹಾವು ಬಿಟ್ಟಂತೆ. ಅತ್ತೆಗೆ 74 ವರ್ಷ, ಮಂಡಿನೋವು. ಹೊರಗಿನ ಊಟ ಆಗದು, ಹಾಗಾಗಿ ಚಪಾತಿ, ಚಟ್ನಿಪುಡಿ, ಅವಲಕ್ಕಿ ಎಲ್ಲ ಕಟ್ಟಿಕೊಂಡೇ ಹೊರಡುವುದು. ಕಾಲೇಜಿಗೆ ಹೋಗುವ ಮಗಳು ಈ ಸಲ ಮೇಘಾಲಯ ಎಂದು ಹಟ ಹಿಡಿದಿದ್ದಾಳೆ. ನನಗೂ ಮನಸ್ಸಿದೆ. ಗೊತ್ತಿಲ್ಲದ ಊರಿಗೆ ಕರಕೊಂಡು ಹೋಗಿ ಎಲ್ಲರ ರಜೆ ಕೆಡಿಸಿದಳು ಅನ್ನಿಸಿಕೊಳ್ಳುವ ಭಯವೂ ಇದೆ.
– ಗೃಹಿಣಿ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಮೇಘಾಲಯದ ಮೇಲಲ್ಲ, ಚಪಾತಿಯ ಮೇಲೆ. ನಮ್ಮಲ್ಲಿಗೆ ಬರುವ ಕುಟುಂಬಗಳನ್ನು ನೋಡುತ್ತೇನಲ್ಲ, ಕಾರಿನ ಡಿಕ್ಕಿ ತೆಗೆದ ಕೂಡಲೇ ಅರ್ಧ ಕಥೆ ಗೊತ್ತಾಗಿಬಿಡುತ್ತದೆ. ಗಂಡಸರು ಇಳಿದು ಮೈಮುರಿದು, ‘ಆಹಾ, ಎಂಥಾ ಗಾಳಿ!’ ಅನ್ನುತ್ತಾ ತೋಟದ ಕಡೆ ನಡೆದಿರುತ್ತಾರೆ. ಹೆಂಗಸು ಡಿಕ್ಕಿಗೆ ತಲೆ ತೂರಿಸಿ, ಸ್ಟೀಲ್ ಡಬ್ಬಿಗಳಲ್ಲಿ ಯಾವುದು ಸೋರಿ ಯಾರ ಸ್ವೆಟರ್‌ಗೆ ಎಣ್ಣೆ ಹತ್ತಿದೆ ಎಂದು ಹುಡುಕುತ್ತಿರುತ್ತಾಳೆ. ಗಾಳಿ ಅವಳಿಗೂ ಬೀಸುತ್ತದೆ, ಸುಳ್ಳಲ್ಲ.

ಹಾಗಾಗಿ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ: ನಿಮಗೆ ಸಾಕಾಗಿರುವುದು ಮಡಿಕೇರಿಯೋ, ಚಪಾತಿಯೋ? ಚಪಾತಿಯಾದರೆ ಅದು ಶಿಲ್ಲಾಂಗಿಗೂ ನಿಮ್ಮ ಬೆನ್ನು ಹತ್ತುತ್ತದೆ, ಇನ್ನೂ ನಾಲ್ಕು ಡಬ್ಬಿ ಹೆಚ್ಚಾಗಿಯೇ. ಮೇಘಾಲಯದ ಖಾಸಿ ಜನರ ಊಟದಲ್ಲಿ ಮಾಂಸಕ್ಕೇ ಮೊದಲ ಮಣೆ. ಅಲ್ಲಿನ ‘ಜಾದೊ’ ಅನ್ನವನ್ನೇ ಮಾಂಸ ಹಾಕಿ ಬೇಯಿಸುತ್ತಾರೆ. ಶಿಲ್ಲಾಂಗ್, ಚಿರಾಪುಂಜಿಯಲ್ಲಿ ಅನ್ನ, ದಾಲ್, ಆಲೂಗಡ್ಡೆ ಪಲ್ಯ ಸಿಗುತ್ತದೆ, ಉಪವಾಸ ಬೀಳುವ ಪ್ರಶ್ನೆಯಿಲ್ಲ. ಆದರೆ ಪಕ್ಕದ ಒಲೆಯ ಪಾತ್ರೆ ನೋಡಿ ಅತ್ತೆಯವರು ತಟ್ಟೆ ಸರಿಸಿದರೆ ಅದು ಯಾರ ತಲೆಗೆ ಬರುತ್ತದೆ, ಹೇಳಿ?

ಮಗಳು ನಿಮಗೆ ನೊಂಗ್ರಿಯಾಟ್‌ನ ಎರಡಂತಸ್ತಿನ ಬೇರಿನ ಸೇತುವೆಯ ಫೋಟೋ ತೋರಿಸಿಯೇ ಇರುತ್ತಾಳೆ. ಜೀವಂತ ಮರದ ಬೇರುಗಳನ್ನು ಹೊಳೆಯ ಮೇಲೆ ಆಚೆ ದಡಕ್ಕೆ ಹಬ್ಬಿಸಿ, ಹೆಣೆದು, ವರ್ಷಗಟ್ಟಲೆ ಕಾದು ಬೆಳೆಸಿದ ಸೇತುವೆ ಅದು. ನೋಡಬೇಕಾದದ್ದೇ. ಆದರೆ ತಿರ್ನಾ ಎಂಬ ಹಳ್ಳಿಯಿಂದ ಅಲ್ಲಿಗೆ ಇಳಿಯಲು ಸುಮಾರು 3,500 ಮೆಟ್ಟಿಲು. ಇಳಿದವರು ಹತ್ತಲೇಬೇಕು, ಬೇರೆ ದಾರಿಯಿಲ್ಲ. 74ರ ಮಂಡಿಗೆ ಅದು ಹೇಳಿಸಿದ್ದಲ್ಲ. ಅವರನ್ನು ಮೇಲೆ ಕೂರಿಸಿ ನೀವು ಇಳಿದರೆ ಅರ್ಧ ದಿನ ನಿಮ್ಮ ಜೀವ ಮೇಲೆಯೇ ಇರುತ್ತದೆ.

ಒಂದೇ ಕಾರಿನಲ್ಲಿ ಎಲ್ಲರೂ ತುಂಬಿಕೊಂಡರೇ ಪ್ರವಾಸ ಅಂತ ಯಾರು ಹೇಳಿದ್ದು? ನಿಮ್ಮವರೂ ಅತ್ತೆಯೂ ದಸರಾಕ್ಕೆ ಮಡಿಕೇರಿಗೆ ಬರಲಿ. ನೀವೂ ಮಗಳೂ ನವೆಂಬರ್‌ನಲ್ಲಿ ಗುವಾಹಟಿಯ ವಿಮಾನ ಹತ್ತಿ. ಅಲ್ಲಿಂದ ಶಿಲ್ಲಾಂಗಿಗೆ ಸುಮಾರು 100 ಕಿ.ಮೀ., ಟ್ಯಾಕ್ಸಿಗಳು ಸಿಗುತ್ತವೆ. ಆ ಹೊತ್ತಿಗೆ ಅಲ್ಲಿ ಮಳೆ ಬಿಟ್ಟು, ಡಾವ್ಕಿಯ ಉಮ್‌ಗೋಟ್ ಹೊಳೆ ತಿಳಿಯಾಗಿ ತಳದ ಕಲ್ಲು ಕಾಣುತ್ತಿರುತ್ತದೆ. ವಿಮಾನದ ಟಿಕೆಟ್ಟೂ ಎರಡೇ. ‘ಹೆಂಗಸರಿಬ್ಬರೇ?’ ಎಂದು ಮನೆಯಲ್ಲಿ ಹುಬ್ಬೇರಿಸಿದರೆ, ಆ ನಾಡಿನ ಖಾಸಿಗಳಲ್ಲಿ ವಂಶ ನಡೆಯುವುದೇ ತಾಯಿಯ ಕಡೆಯಿಂದ, ಆಸ್ತಿ ಹೋಗುವುದು ಕಿರಿಮಗಳಿಗೆ ಅಂತ ಹೇಳಿ ನೋಡಿ. ವಾದ ಗೆಲ್ಲದಿದ್ದರೂ ಮಾತು ಬೇರೆ ಕಡೆ ತಿರುಗುತ್ತದೆ.

ಹಾಗಂತ ನಿಮ್ಮವರನ್ನು ಗೇಲಿ ಮಾಡಬೇಡಿ. ಅದೇ ಕೋಣೆ ಕೇಳುವವರನ್ನು ನಾನೂ ಬಲ್ಲೆ. ರಾತ್ರಿ ಅಮ್ಮ ಎದ್ದರೆ ಬಚ್ಚಲಿಗೆ ಎಷ್ಟು ಹೆಜ್ಜೆ, ಮೆಟ್ಟಿಲಿಗೆ ಕೈಪಿಡಿ ಇದೆಯೋ ಇಲ್ಲವೋ, ಎಲ್ಲ ಒಮ್ಮೆ ಲೆಕ್ಕ ಹಾಕಿಟ್ಟವರು ಅವರು. ಅವರಿಗೆ ನನ್ನದೊಂದು ಮಾತು ಮುಟ್ಟಿಸಿ: ಪ್ರತಿವರ್ಷ ದಸರಾಕ್ಕೇ ಬರುವವರು ನಾಲ್ಕು ಶಕ್ತಿದೇವತೆಗಳ ಕರಗ ನೋಡಿದ್ದಾರಾ? ವಿಜಯದಶಮಿಯ ರಾತ್ರಿ ಚಲಿಸುವ ಬೊಂಬೆಗಳ ಹತ್ತು ಮಂಟಪಗಳು ಹೊರಟು ಬೆಳಗಾಗುವವರೆಗೆ ಊರು ಸುತ್ತುತ್ತವೆ, ರಾಕ್ಷಸರೂ ದೇವರೂ ಕಣ್ಣೆದುರೇ ಕದಲುತ್ತಾರೆ. ಒಂಬತ್ತಕ್ಕೇ ಚಪಾತಿ ತಿಂದು ಮಲಗುವವರಿಗೆ ಮಡಿಕೇರಿ ಇನ್ನೂ ಹೊಸ ಊರೇ. ಆ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ, ಅದನ್ನಂತೂ ಅವರು ಮೊದಲೇ ಹಿಡಿದಿಟ್ಟಿರುತ್ತಾರೆ!

ಪ್ರಶ್ನೆ: ಮೇಡಂ, ನಾವು ಗೆಳೆಯರೆಲ್ಲ ಜುಲೈನಲ್ಲಿ ಬೈಕ್‌ನಲ್ಲಿ ಕೊಡಗಿಗೆ ಬರುತ್ತಿದ್ದೇವೆ. ಎಲ್ಲರೂ ಹೋಗುವ ಜಾಗ ಬೋರ್. ರೀಲ್ಸ್‌ನಲ್ಲಿ ಬಾರದ, ಯಾರೂ ಹೋಗದ ಒಂದು ಫಾಲ್ಸ್ ಹೇಳಿ. ಲೊಕೇಶನ್ ಕಳಿಸಿದರೆ ಇನ್ನೂ ಒಳ್ಳೆಯದು.
– ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಹೇಳುವುದಿಲ್ಲ. ಗೊತ್ತಿದೆ, ಆದರೂ ಹೇಳುವುದಿಲ್ಲ.

ಯಾರೂ ಹೋಗದ ಫಾಲ್ಸ್ ಅಂದರೆ ನಮ್ಮ ಕಡೆ ಯಾರದೋ ತೋಟದ ಮೇಲಿನ ಹಳ್ಳ. ಅದಕ್ಕೆ ಪೈಪ್ ಹಾಕಿ ಕೆಳಗಿನ ತೋಟದ ಕಾರ್ಮಿಕರ ಲೈನ್‌ಮನೆಗಳಿಗೆ ಕುಡಿಯುವ ನೀರು ತಂದಿರುತ್ತಾರೆ. ಇನ್ನು ಜುಲೈನ ಹಳ್ಳದ ಬುದ್ಧಿ ನಿಮಗೆ ತಿಳಿಯದು. ಬೆಟ್ಟದ ಮೇಲೆಲ್ಲೋ ಸುರಿದರೆ ಸಾಕು, ನೀವು ನಿಂತಲ್ಲಿ ಹನಿ ಬೀಳದಿದ್ದರೂ ನೀರು ಮೊದಲು ಕೆಂಪಾಗುತ್ತದೆ, ಆಮೇಲೆ ಎಲೆ, ಕಡ್ಡಿ ತೇಲಿ ಬರುತ್ತದೆ. ಅದನ್ನು ನೋಡಿದ ಮೇಲೂ ಇನ್ನೊಂದು ಫೋಟೋ ಎಂದು ನಿಂತವರಿಗೆ ದಡ ಸಿಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜರಿದು ಮನೆ, ತೋಟ ಕೊಚ್ಚಿಹೋದದ್ದನ್ನು ಕಂಡ ಜನ ನಾವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ನಮಗೆ ಆ ತಿಂಗಳುಗಳಲ್ಲಿ ರಾತ್ರಿ ನಿದ್ದೆಯೇ ಅರ್ಧ.

ಮಳೆಗಾಲದಲ್ಲೇ ಸಾಹಸ ಬೇಕು ಅಂದರೆ ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ರ‍್ಯಾಫ್ಟಿಂಗ್ ಇದೆ. ಅನುಮತಿ ಇರುವವರ ಜೊತೆ, ಲೈಫ್ ಜಾಕೆಟ್ ಹಾಕಿಕೊಂಡು, ಅವರು ‘ಇವತ್ತು ಬೇಡ’ ಅಂದ ದಿನ ತೆಪ್ಪಗಿದ್ದು ಹೋಗುವುದಾದರೆ ಹೋಗಿ. ಬೆಟ್ಟ ಹತ್ತುವ ಆಸೆಯಿದ್ದರೆ ನವೆಂಬರ್‌ವರೆಗೆ ಕಾಯಿರಿ. ನಮ್ಮ ಮನೆಯ ಹಿಂದೆಯೇ ತಡಿಯಂಡಮೋಳ್, 1,748 ಮೀಟರ್, ಕೊಡಗಿನಲ್ಲಿ ಅದಕ್ಕಿಂತ ಎತ್ತರದ್ದಿಲ್ಲ. ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಬಳಿಯಿಂದ ದಾರಿ. ಮೊದಲು ತೋಟ, ಆಮೇಲೆ ಹುಲ್ಲುಗುಡ್ಡ, ಕೊನೆಗೆ ಒಂದು ತುಂಡು ಶೋಲಾ ಕಾಡಿನೊಳಗೆ ನೆಟ್ಟಗೆ ಏರು. ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಿಸಿಕೊಳ್ಳಿ, ಗೇಟಿನಲ್ಲಿ ಜಗಳ ಆಡಬೇಡಿ.

ಇಷ್ಟೆಲ್ಲ ಹೇಳಿದ ಮೇಲೂ ಜುಲೈನಲ್ಲೇ ಬರುತ್ತೀರಿ ಅಂತ ಗೊತ್ತು. ಬಂದರೆ ಇಂಬಳಕ್ಕೆ ತಯಾರಾಗಿ ಬನ್ನಿ. ಸಾಕ್ಸ್‌ನ ನೇಯ್ಗೆಯ ಸಂದಿಯಲ್ಲೇ ನುಸುಳುತ್ತದೆ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಬೂಟು ಬಿಚ್ಚುವಾಗ ‘ನೀರು ಹೋಗಿದೆ’ ಅಂದುಕೊಳ್ಳುತ್ತೀರಿ, ನೋಡಿದರೆ ರಕ್ತ. ಉಪ್ಪಿನ ಪೊಟ್ಟಣ ಜೇಬಿನಲ್ಲಿರಲಿ. ಪ್ರವಾಸ ಆಗಸ್ಟ್ ಮೊದಲ ವಾರಕ್ಕೆ ಮುಂದೆ ಹೋದರೆ ಇನ್ನೂ ಒಳ್ಳೆಯದು. ಆಗಸ್ಟ್ 3ರ ಹೊತ್ತಿಗೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಮನೆಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ಕಡುನೇರಳೆ ಬಣ್ಣ, ಒಂಥರಾ ಘಮ. ಮಾರನೆಯ ದಿನ ಮೂತ್ರ ಕೆಂಪಗೆ ಹೋದರೆ ಆಸ್ಪತ್ರೆಗೆ ಓಡಬೇಡಿ, ಅದು ಸೊಪ್ಪಿನ ಬಣ್ಣ. ಯಾವ ರೀಲ್ಸ್‌ನಲ್ಲೂ ತೋರಿಸಲಾಗದ ಅನುಭವ ತಾನೇ ನೀವು ಕೇಳಿದ್ದು?

ಪ್ರಶ್ನೆ: ನಿವೃತ್ತನಾದ ಮೇಲೆ ನಾನೂ ನನ್ನಾಕೆಯೂ ತುಲಾ ಸಂಕ್ರಮಣಕ್ಕೆ ತಪ್ಪದೆ ತಲಕಾವೇರಿಗೆ ಬರುತ್ತೇವೆ. ‘ನೋಡಿದ್ದನ್ನೇ ನೋಡುತ್ತೀರಿ, ಕಾಶ್ಮೀರಕ್ಕೆ ಹೋಗಿಬನ್ನಿ’ ಎಂದು ಮಕ್ಕಳು ದುಂಬಾಲು ಬಿದ್ದಿದ್ದಾರೆ.
– ನಿವೃತ್ತ ನೌಕರ, ಮಂಡ್ಯ

ಉತ್ತರ: ಮಕ್ಕಳೇ ಜೊತೆಗೆ ಬಂದು ಬ್ಯಾಗ್ ಹೊರುವುದಾದರೆ ಕಾಶ್ಮೀರಕ್ಕೆ ಹೋಗಿ. ಬರೀ ಟಿಕೆಟ್ ಕಳಿಸಿ ಏರ್‌ಪೋರ್ಟ್‌ನಲ್ಲಿ ಬಿಡುವ ಯೋಚನೆಯಾದರೆ ನಮ್ಮಲ್ಲಿಗೇ ಬನ್ನಿ. ಮಂಡ್ಯದವರು ಕಾವೇರಿ ಹುಟ್ಟುವಲ್ಲಿಗೆ ವರ್ಷವರ್ಷ ಬರುವುದಕ್ಕೆ ಯಾರಿಗೂ ಕಾರಣ ಕೊಡಬೇಕಿಲ್ಲ.

ಆದರೆ ತಿಂಗಳು ಬದಲಿಸಿ ನೋಡಿ. ಅಕ್ಟೋಬರ್ 17ರ ಆಸುಪಾಸಿನ ಆ ನೂಕುನುಗ್ಗಲಲ್ಲಿ ನಿಮಗೆ ಕಂಡಿರುವುದು ಮುಂದಿನವರ ಬೆನ್ನು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಬನ್ನಿ. ತೋಟಗಳಲ್ಲಿ ಕಾಫಿ ಗಿಡದ ರೆಂಬೆರೆಂಬೆಗೂ ಬಿಳಿ ಹೂ ಕಟ್ಟಿರುತ್ತದೆ, ಬಸ್ಸಿನ ಕಿಟಕಿಯೊಳಕ್ಕೂ ಪರಿಮಳ. ಮೂರ್ನಾಲ್ಕು ದಿನಕ್ಕೆ ಕಂದಿಹೋಗುತ್ತದೆ, ಆದ್ದರಿಂದ ಹೊರಡುವ ಮುಂಚೆ ಗುರುತಿನವರಿಗೆ ಫೋನ್ ಮಾಡಿ ‘ಮಳೆ ಬಿತ್ತಾ?’ ಎಂದು ಕೇಳಿಕೊಳ್ಳಿ. ಭಾಗಮಂಡಲದಲ್ಲಿ ಸಂಗಮದ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತರೂ ಆಗ ಯಾರೂ ಎಬ್ಬಿಸುವುದಿಲ್ಲ.

ಪ್ರಶ್ನೆ: ಮಡಿಕೇರಿ ಬಳಿಯ ಮಾಂದಲಪಟ್ಟಿ ಬೆಟ್ಟಕ್ಕೆ ಜೀಪಿನಲ್ಲಿ ಹೋಗುವುದು ದುಡ್ಡು ದಂಡವೇ?
– ಒಬ್ಬ ಓದುಗ, ತುಮಕೂರು

ಉತ್ತರ: ಬೆಳಿಗ್ಗೆ ಬೇಗ ಹೋದರೆ ಅಲ್ಲ, ಹೊತ್ತೇರಿದ ಮೇಲೆ ಹೌದು. ಬಾಡಿಗೆ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಬೆನ್ನುನೋವಿನವರು, ಬಸುರಿಯರು ಜೀಪ್ ಹತ್ತುವುದೇ ಬೇಡ.

ಪ್ರಶ್ನೆ: ಎಲ್ಲರಿಗೂ ಹೇಳುತ್ತೀರಿ, ನೀವು ರಜೆಗೆ ಎಲ್ಲಿಗೆ ಹೋಗುತ್ತೀರಿ ಅಕ್ಕಾ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಹಂಪಿಗೆ. ಅದೂ ಜುಲೈನಲ್ಲಿ. ಕೊಡಗಿಗೆ ರೈಲಿಲ್ಲ, ಮೈಸೂರಿನವರೆಗೆ ಬಸ್ಸು, ಅಲ್ಲಿಂದ ಹಂಪಿ ಎಕ್ಸ್‌ಪ್ರೆಸ್. ವಿಜಯವಿಠಲ ದೇವಸ್ಥಾನದ ಕಲ್ಲಿನ ರಥ, ಕಮಲಮಹಲು ಎಲ್ಲ ನೋಡಿ ಆಗಿದೆ, ಆದರೂ ಹೋಗುತ್ತೇನೆ. ಇಲ್ಲಿ ಆ ತಿಂಗಳು ಒಗೆದ ಟವೆಲ್ ವಾರವಾದರೂ ಒಣಗದೆ, ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತಾ ತೂಗುತ್ತಿರುತ್ತದೆ. ಅಲ್ಲಿ ಬೆಳಿಗ್ಗೆ ಹರವಿದ್ದನ್ನು ತಿಂಡಿ ಮುಗಿಸಿ ಬಂದು ಮಡಚಿಡಬಹುದು.