ಹಲ್ಲಿಲ್ಲದ ತಿಮಿಂಗಿಲ ಮೀನು ಹಿಡಿಯೋದು ಹೇಗೆ?

ಪ್ರಶ್ನೆ: ಮೇಡಂ, ನಮ್ಮದು ಮಲ್ಪೆ, ಮನೆಯವರೆಲ್ಲ ಪರ್ಸೀನ್ ಬೋಟಲ್ಲಿ ದುಡಿಯೋರು. ಮೊನ್ನೆ ಅಲಾಸ್ಕಾದ ಒಂದು ವಿಡಿಯೋ ನೋಡ್ದೆ. ಸಮುದ್ರದ ಮೇಲೆ ಗುಂಡಗೆ ಗುಳ್ಳೆ ಏಳ್ತವೆ, ಆಮೇಲೆ ಆ ಸುತ್ತಿನ ಒಳಗಿಂದ ಏಳೆಂಟು ತಿಮಿಂಗಿಲ ಬಾಯಿ ತೆರ್ಕೊಂಡು ಒಟ್ಟಿಗೆ ಮೇಲೆ ಬರ್ತವೆ. ಗುಳ್ಳೆ ಅಂದ್ರೆ ಬರೀ ಗಾಳಿ ತಾನೆ, ಮೀನು ದಾಟಿ ಓಡಿ ಹೋಗ್ಬಹುದಲ್ಲ, ಯಾಕೆ ಹೋಗಲ್ಲ?
ಓದುಗರೊಬ್ಬರು, ಮಲ್ಪೆ

ಉತ್ತರ: ಪರ್ಸೀನ್ ಬೋಟಿನ ಮನೆಯಿಂದಲೇ ಈ ಪ್ರಶ್ನೆ ಬಂದಿದ್ದು ನಂಗೆ ತುಂಬಾ ಖುಷಿ ಆಯ್ತು, ಯಾಕಂದ್ರೆ ಅರ್ಧ ಉತ್ತರ ನಿಮ್ಮ ಮನೇಲೇ ಇದೆ. ಮೀನಿನ ಹಿಂಡು ಕಂಡ ಕೂಡ್ಲೆ ನಿಮ್ಮೋರು ಅದರ ಸುತ್ತ ಬೋಟ್ ತಿರುಗಿಸ್ತಾ ಗೋಡೆ ಥರ ಬಲೆ ಇಳಿಸ್ತಾರೆ, ಸುತ್ತು ಮುಗಿದ ಮೇಲೆ ಅಡಿ ಹಗ್ಗ ಎಳೆದು ಚೀಲದ ಬಾಯಿ ಕಟ್ಟಿದ ಹಾಗೆ ತಳ ಮುಚ್ತಾರೆ ಅಲ್ವಾ? ನೀವು ವಿಡಿಯೋದಲ್ಲಿ ನೋಡಿದ ಹಂಪ್‌ಬ್ಯಾಕ್ ತಿಮಿಂಗಿಲ ಮಾಡೋದೂ ಹೆಚ್ಚುಕಡಿಮೆ ಇದನ್ನೇ. ಗೋಡೆಗೆ ಗುಳ್ಳೆ, ತಳ ಮುಚ್ಚೋಕೆ ತಮ್ಮದೇ ಬಾಯಿ.

ಇಷ್ಟೆಲ್ಲ ಕಷ್ಟ ಯಾಕೆ ಪಡಬೇಕು ಅಂದ್ರೆ ಅದರ ಬಾಯಿ ಹಾಗಿದೆ. 14-15 ಮೀಟರ್ ಉದ್ದದ, 30 ಟನ್ ಆಸುಪಾಸು ತೂಗೋ ಪ್ರಾಣಿ, ಬಾಯಲ್ಲಿ ಒಂದು ಹಲ್ಲೂ ಇಲ್ಲ. ಹಲ್ಲಿನ ಬದಲು ಮೇಲಿನ ದವಡೆಯಿಂದ ಬಲೀನ್ ಅನ್ನೋ ಪಟ್ಟಿಗಳು ಬಾಚಣಿಗೆ ಥರ ಒತ್ತೊತ್ತಾಗಿ ಇಳಿಬಿದ್ದಿರ್ತವೆ, ಒಂದೊಂದು ಬದಿಗೆ 270ರಿಂದ 400. ನಮ್ಮ ಉಗುರು ಆಗಿರೋ ಕೆರಾಟಿನ್‌ನಿಂದಲೇ ಆಗಿರೋದು, ಒಳಗಿನ ಅಂಚು ಮಾತ್ರ ತೆಂಗಿನ ನಾರಿನ ಥರ ಜುಂಗು ಜುಂಗು. ಇದರಲ್ಲಿ ಕಚ್ಚೋಕಾಗಲ್ಲ, ಸೋಸೋಕೆ ಮಾತ್ರ ಆಗತ್ತೆ. ಅಂದ್ರೆ ಒಂದೊಂದೇ ಮೀನಿನ ಹಿಂದೆ ಓಡಿದ್ರೆ ಪೂರ್ತಿ ನಷ್ಟ. ಅದೂ ಅಲ್ದೆ ಬಾಯಿ ತೆರೆದು ನುಗ್ಗಿದ ಕೂಡ್ಲೆ ನೀರು ಬ್ರೇಕ್ ಹಾಕಿದ ಹಾಗೆ ತಡೆಯತ್ತೆ, ಮತ್ತೆ ವೇಗ ಹಿಡಿಯೋಕೆ ಬಹಳ ಶಕ್ತಿ ಖರ್ಚು. ಹಾಗಾಗಿ ಪ್ರತಿ ಸಲ ಬಾಯಿ ತೆರೆದಾಗಲೂ ಮೀನು ದಟ್ಟವಾಗಿ ಸಿಗಲೇಬೇಕು, ಅದಕ್ಕೆ ಅದನ್ನ ಮೊದಲು ಒಂದು ಕಡೆ ಗುಡ್ಡೆ ಹಾಕ್ಬೇಕು. ತಿಮಿಂಗಿಲದ ನಿಜವಾದ ಜಾಣತನ ಇರೋದು ಈ ಗುಡ್ಡೆ ಹಾಕೋದರಲ್ಲೇ ಅಂತ ನನ್ನ ಅಭಿಪ್ರಾಯ.

ಈಗ ನಿಮ್ಮ ಪ್ರಶ್ನೆಗೆ. ಅಲಾಸ್ಕಾದ ಆ ಮೀನು ಹೆರಿಂಗ್, ನಮ್ಮ ಬೂತಾಯಿಗೆ ನೆಂಟ. ಬೂತಾಯಿ ಥರನೇ ಹಿಂಡಲ್ಲೇ ಬದುಕೋದು, ಹೆದರಿದ್ರೆ ಚದುರೋ ಬದಲು ಇನ್ನೂ ಹತ್ರ ಹತ್ರ ಸೇರ್ಕೊಳ್ಳೋದು. ಒಂದೊಂದೇ ಮೀನು ಕಚ್ಚೋ ಸೀಲ್ ಅನ್ನೋ ಕಡಲ ಪ್ರಾಣಿ ಬಂದ್ರೆ ಇದು ಒಳ್ಳೇ ಉಪಾಯ, ಸಾವಿರಾರು ಬೆಳ್ಳಿ ಮೈ ಒಟ್ಟಿಗೆ ಫಳಫಳ ಅಂದಾಗ ಯಾವುದಕ್ಕೆ ಬಾಯಿ ಹಾಕೋದು ಅಂತಲೇ ಅದಕ್ಕೆ ಗೊತ್ತಾಗಲ್ಲ. ಆದ್ರೆ ಹಿಂಡನ್ನೇ ನುಂಗೋ ತಿಮಿಂಗಿಲದ ಮುಂದೆ ಅದೇ ಅಭ್ಯಾಸ ಮೀನಿಗೆ ಮುಳುವಾಗತ್ತೆ. ಗುಳ್ಳೆ ದಾಟೋಕೆ ಹೆರಿಂಗ್ ಹಿಂದೇಟು ಹಾಕತ್ತೆ ಅನ್ನೋದನ್ನ ಕೃತಕವಾಗಿ ಗುಳ್ಳೆ ಬಿಟ್ಟು ಪರೀಕ್ಷೆ ಮಾಡಿಯೂ ನೋಡಿದಾರೆ. ಮೀನಿನ ಮೈ ಪಕ್ಕದಲ್ಲಿ ನೀರಿನ ಸಣ್ಣ ಅಲುಗಾಟವನ್ನೂ ಹಿಡಿಯೋ ಒಂದು ಗೆರೆ ಇರತ್ತೆ, ಗುಳ್ಳೆ ಸಾಲು ಅಂದ್ರೆ ಅದಕ್ಕೆ ಹೊಳೆಯೋ, ಸದ್ದು ಮಾಡೋ, ಅಲುಗಾಡೋ ಏನೋ ಒಂದು ದೊಡ್ಡದು ಎದುರಿಗೆ ನಿಂತ ಹಾಗೆ. ನಾನು ಚಿಕ್ಕವಳಿದ್ದಾಗ ಅಜ್ಜನ ಊರಲ್ಲಿ ಕೈರಂಪಣಿ, ಅಂದ್ರೆ ದಡದಲ್ಲಿ ನಿಂತು ಕೈಯಲ್ಲೇ ಎಳೆಯೋ ದೊಡ್ಡ ಬಲೆ, ಎಳೆಯೋದು ನೋಡೋಕೆ ಹೋಗ್ತಿದ್ವಿ, ಬಲೆಯ ಎರಡು ತುದಿ ಇನ್ನೂ ಸೇರಿರದ ಜಾಗದಲ್ಲಿ ಹುಡುಗರು ಸೊಂಟದ ಮಟ್ಟ ನೀರಲ್ಲಿ ನಿಂತು ಎರಡೂ ಕೈಯಲ್ಲಿ ನೀರು ಬಡೀತಿದ್ರು, ಅಲ್ಲಿ ಬಲೆ ಇಲ್ಲ, ಬರೀ ಸದ್ದು ಮತ್ತೆ ನೊರೆ, ಆದ್ರೂ ಬಂಗುಡೆ ಆ ಕಡೆ ಬರ್ತಿರಲಿಲ್ಲ, ವಾಪಸ್ ಬಲೆ ಕಡೆಗೇ ತಿರುಗ್ತಿತ್ತು.

ಅಲಾಸ್ಕಾದ ಚಾಥಮ್ ಜಲಸಂಧಿ ಕಡೆ ನಡೆಯೋದು ಹೀಗೆ: ಒಂದು ತಿಮಿಂಗಿಲ ಹಿಂಡಿನ ಕೆಳಗೆ ಸುತ್ತು ಹಾಕ್ತಾ ತಲೆ ಮೇಲಿನ ಮೂಗಿನ ಹೊಳ್ಳೆಯಿಂದ ಗುಳ್ಳೆ ಬಿಡತ್ತೆ, ಗುಳ್ಳೆ ಮೇಲೇಳ್ತಾ ಗೋಡೆ ಆಗತ್ತೆ. ಇನ್ನೊಂದು ಜೋರಾಗಿ ಕೂಗತ್ತೆ, ಆ ಕೂಗಿಗೆ ಮೀನು ಕಂಗಾಲಾಗಿ ಮೇಲಕ್ಕೆ ಒತ್ತೊತ್ತಾಗಿ ಸೇರತ್ತೆ. ಉಳಿದವು ಕೆಳಗಿಂದ ಅಟ್ಟಿಕೊಂಡು ಬರ್ತವೆ. ಮೈಯ ಮೂರನೇ ಒಂದು ಭಾಗದಷ್ಟು ಉದ್ದ ಇರೋ ಅವುಗಳ ಪಕ್ಕದ ರೆಕ್ಕೆಯನ್ನ ಅಡ್ಡ ಹಿಡಿದು ಮೀನನ್ನ ಬಾಯಿ ಕಡೆ ತಿರುಗಿಸೋದೂ ಉಂಟು. ಒಂಟಿ ತಿಮಿಂಗಿಲಗಳೂ ಗುಳ್ಳೆ ಬಲೆ ಹಾಕ್ತವೆ, ಹೆಚ್ಚಾಗಿ ಕ್ರಿಲ್ ಅನ್ನೋ ಸಿಗಡಿಯಂಥ ಸಣ್ಣ ಜೀವಿಗೆ. ಡ್ರೋನ್ ಹಾರಿಸಿ, ಮೈಗೆ ಅಂಟಿಸೋ ಉಪಕರಣ ಹಾಕಿ ಮಾಡಿದ ಅಧ್ಯಯನ ಒಂದು 2024ರಲ್ಲಿ ಬಂತು. ಎಷ್ಟು ಸುತ್ತು, ಎಷ್ಟು ದೊಡ್ಡ ಸುತ್ತು, ಗುಳ್ಳೆಗಳ ಮಧ್ಯೆ ಎಷ್ಟು ಅಂತರ ಅನ್ನೋದನ್ನೆಲ್ಲ ಅವು ಬೇಕಾದ ಹಾಗೆ ಬದಲಾಯಿಸ್ತವಂತೆ, ಅದಕ್ಕೇ ಇದನ್ನ ಒಂದು ಹತ್ಯಾರು ಮಾಡಿಕೊಂಡ ಹಾಗೆ ಅಂತಲೇ ಲೆಕ್ಕಕ್ಕೆ ತಗೋಬೇಕು ಅಂತಾರೆ ಅವರು. ನನಗಂತೂ ಪೂರ್ತಿ ಒಪ್ಪಿಗೆ.

ಇದನ್ನ ಹತ್ರದಿಂದ ನೋಡೋ ಭಾಗ್ಯ ನಂಗೂ ಒಂದ್ಸಲ ಸಿಕ್ಕಿತ್ತು. ತಂಗಿ ಬಾಸ್ಟನ್‌ನಲ್ಲಿದಾಳೆ, ಅಲ್ಲಿಂದ ಸ್ಟೆಲ್‌ವ್ಯಾಗನ್ ಬ್ಯಾಂಕ್ ಅನ್ನೋ ಜಾಗಕ್ಕೆ ಬೋಟಲ್ಲಿ ಕರ್ಕೊಂಡು ಹೋಗ್ತಾರೆ. ಮೊದಲು ಕಡಲು ಸುಮ್ನಿತ್ತು, ಆಮೇಲೆ ಒಂದು ತಿಮಿಂಗಿಲ ಬಾಲ ಎತ್ತಿ ನೀರಿಗೆ ಅಪ್ಪಳಿಸಿ ಮುಳುಗ್ತು, ಸ್ವಲ್ಪ ಹೊತ್ತಿಗೆ ಕಡು ನೀರಲ್ಲಿ ತಿಳಿ ಹಸಿರು ಬಣ್ಣದ ಉಂಗುರ ಏಳೋಕೆ ಶುರು, ಕಡಲಕ್ಕಿಗಳು ನಮಗಿಂತ ಮುಂಚೆ ಆ ಉಂಗುರದ ಮೇಲೆ ಬಂದು ಕಿರುಚಾಡ್ತಿದ್ವು, ಉಂಗುರದ ಒಳಗೆ ನೀರು ಅನ್ನದ ಎಸರಿನ ಥರ ಕೊತಕೊತ, ಸಣ್ಣ ಮೀನು ಚಿಮ್ತಾ ಇದೆ, ಅಷ್ಟರಲ್ಲಿ ಬಾಯಿ ಬಂತು. ಮೇಲಂಗಳ ಗುಲಾಬಿ ಬಣ್ಣ, ಗಲ್ಲದ ಕೆಳಗಿನ ಚರ್ಮ ಉಬ್ಬಿ ಕೊಡದ ಹಾಗೆ ಆಗಿತ್ತು, ಬಾಯಿ ಮುಚ್ಚಿದ ಮೇಲೆ ಎರಡೂ ಬದಿಯಿಂದ ನೀರು ಧಾರೆಧಾರೆಯಾಗಿ ಇಳೀತಿತ್ತು. ಆಮೇಲೆ ಬಿಟ್ಟ ಉಸಿರಿನ ವಾಸನೆ ಬೋಟಿನವರೆಗೂ ಬಂತು, ಒಣಮೀನಿನ ಗೋದಾಮಿನ ಬಾಗಿಲು ತೆಗೆದ ಹಾಗೆ. ನಾವಿಬ್ರೂ ಒಂದು ಮಾತೂ ಆಡಲಿಲ್ಲ.

ಆ ಬಾಲ ಬಡಿಯೋದಕ್ಕೊಂದು ಚರಿತ್ರೆ ಇದೆ, ಅದನ್ನ ಹೇಳದೆ ಬಿಡೋಕೆ ಮನಸ್ಸಿಲ್ಲ. ಆ ಭಾಗದಲ್ಲಿ ಹೆರಿಂಗ್ ಕಡಿಮೆಯಾಗಿ ತಿಮಿಂಗಿಲಗಳು ಸ್ಯಾಂಡ್ ಲಾನ್ಸ್ ಅನ್ನೋ ತೆಳ್ಳನೆ ಮೀನಿನ ಕಡೆ ತಿರುಗಿದ ಕಾಲ. 1980ರಲ್ಲಿ ಒಂದೇ ಒಂದು ತಿಮಿಂಗಿಲ ಗುಳ್ಳೆ ಬಿಡೋಕೆ ಮುಂಚೆ ಬಾಲದಿಂದ ನೀರು ಹೊಡೆಯೋದು ಕಾಣಿಸ್ತು. 2007ರವರೆಗಿನ ದಾಖಲೆ ಎಲ್ಲ ಜೋಡಿಸಿ 2013ರಲ್ಲಿ ಸಂಶೋಧಕರು ತೋರಿಸಿದ್ದು ಏನಂದ್ರೆ, ಅಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಿಮಿಂಗಿಲಗಳು ಅಷ್ಟೊತ್ತಿಗೆ ಇದನ್ನ ಕಲಿತಿದ್ವು, ಅದೂ ಹೆಚ್ಚಾಗಿ ಜೊತೆಗಾರರನ್ನ ನೋಡಿ. ರಂಪಣಿ ಎಳೆಯೋದನ್ನ ಮಕ್ಕಳಿಗೆ ಯಾರೂ ಪಾಠ ಮಾಡಲ್ಲ, ಪಕ್ಕದಲ್ಲಿ ನಿಂತು ಕಲೀತಾರೆ, ಇದೂ ಹಂಗೇ.

ಪ್ರಶ್ನೆ: ಅಷ್ಟೊಂದು ನೀರು ಬಾಯಿಗೆ ಹೋದ್ರೆ ಹೊಟ್ಟೆಗೆ ಹೋಗಲ್ವಾ? ಮನುಷ್ಯನ್ನ ನುಂಗಬಹುದಾ?
ಹತ್ತನೇ ಕ್ಲಾಸ್ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಹೋಗಲ್ಲಮ್ಮ. ಗಲ್ಲದಿಂದ ಹೊಕ್ಕುಳವರೆಗೂ ಚರ್ಮದಲ್ಲಿ ನೆರಿಗೆ ಇರ್ತವೆ, ಸೀರೆ ನೆರಿಗೆ ಬಿಚ್ಚಿದ ಹಾಗೆ ಅವು ಬಿಚ್ಕೊಂಡು ದೊಡ್ಡ ಚೀಲ ಆಗತ್ತೆ. ಹಂಪ್‌ಬ್ಯಾಕ್‌ಗಿಂತ ದೊಡ್ಡದಾದ ಫಿನ್ ತಿಮಿಂಗಿಲ ಒಂದೇ ಸಲಕ್ಕೆ 70 ಸಾವಿರ ಲೀಟರ್‌ನಷ್ಟು ತುಂಬಿಸ್ಕೊಳ್ಳತ್ತೆ, ನಮ್ಮ ಬೆಂಗಳೂರಿನ 12 ಸಾವಿರ ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ಆರು ಟ್ಯಾಂಕರ್! ಬಾಯಿ ಮುಚ್ಚಿ ಆ ಚೀಲ ಒತ್ತಿದಾಗ ನೀರು ಬಲೀನ್ ಸಂದಿಯಿಂದ ಆಚೆ, ಮೀನು ಒಳಗೆ. ಗಂಟಲಿಗೆ ನೀರು ನುಗ್ಗದ ಹಾಗೆ ಬಾಯಿಯ ಹಿಂದೆ ಬಿರಡೆ ಥರ ಒಂದು ಮಾಂಸದ ಮುದ್ದೆ ಅಡ್ಡ ಕೂತಿರತ್ತೆ, ನುಂಗೋವಾಗ ಅದು ಮೇಲೆ ಸರಿಯತ್ತೆ. ಫಿನ್ ತಿಮಿಂಗಿಲದಲ್ಲಿ ಇದನ್ನ ವಿವರವಾಗಿ ತೋರಿಸಿದ್ದು 2022ರಲ್ಲಿ, ಅಂದ್ರೆ ತೀರಾ ಇತ್ತೀಚೆಗೆ.

ಮನುಷ್ಯನ್ನ ನುಂಗೋಕಾಗಲ್ಲ, ಬಾಯಿ ಎಷ್ಟೇ ದೊಡ್ಡದಿದ್ರೂ ಹಂಪ್‌ಬ್ಯಾಕ್‌ನ ಅನ್ನನಾಳ ತೀರಾ ಚಿಕ್ಕದು. 2021ರ ಜೂನ್‌ನಲ್ಲಿ ಅಮೆರಿಕದ ಕೇಪ್ ಕಾಡ್‌ನಲ್ಲಿ ಲಾಬ್‌ಸ್ಟರ್ ಹಿಡಿಯೋಕೆ ಮುಳುಗಿದ್ದ ಒಬ್ರು, ನಾನು ಹಂಪ್‌ಬ್ಯಾಕ್ ಬಾಯೊಳಗೆ ಅರ್ಧ ನಿಮಿಷಕ್ಕೂ ಹೆಚ್ಚು ಸಿಕ್ಕಿಹಾಕ್ಕೊಂಡಿದ್ದೆ, ಆಮೇಲೆ ಮೇಲೆ ಬಂದು ಉಗುಳಿಬಿಡ್ತು ಅಂದಿದ್ರು. ನಮ್ಮ ಪದವೇ ಬೇರೆ ಕಥೆ ಹೇಳತ್ತೆ ನೋಡು, ತಿಮಿ ಅನ್ನೋ ಮಹಾಮೀನನ್ನೇ ನುಂಗೋದು ತಿಮಿಂಗಿಲ. ಹಂಪ್‌ಬ್ಯಾಕ್ ನುಂಗೋದು ಗೇಣುದ್ದದ ಮೀನನ್ನ.

ಪ್ರಶ್ನೆ: ನಮ್ಮ ಕಡಲಲ್ಲಿ ಇಂಥವು ಇವೆಯಾ?
ಓದುಗರೊಬ್ಬರು, ಕುಮಟಾ

ಉತ್ತರ: ಇವೆ. ಬ್ರೈಡ್ಸ್ ತಿಮಿಂಗಿಲ ಅರಬ್ಬೀ ಸಮುದ್ರದಲ್ಲಿದೆ, ನೀವು ತಾರ್ಲೆ ಅನ್ನೋ ಬೂತಾಯಿಯಂಥ ಮೀನೇ ಅದರ ಊಟ. ಇದೇ ತಿಮಿಂಗಿಲ ಥಾಯ್ಲೆಂಡ್ ಕೊಲ್ಲಿಯಲ್ಲಿ ಇನ್ನೊಂದು ಥರ ತಿನ್ನತ್ತೆ. ತಲೆ ನೀರಿಂದ ಮೇಲೆತ್ತಿ ಕೆಳದವಡೆಯನ್ನ ನೀರಿನ ಮಟ್ಟಕ್ಕೆ ಇಳಿಸಿ ನಿಂತುಬಿಡತ್ತೆ, ನೀರಿನ ಜೊತೆ ಸಣ್ಣ ಮೀನುಗಳು ತಾವಾಗೇ ಒಳಗೆ ಬೀಳ್ತವೆ. ಓಡೋದೂ ಇಲ್ಲ, ಅಟ್ಟೋದೂ ಇಲ್ಲ. ಅದರ ವಿವರ ಪ್ರಕಟವಾಗಿದ್ದು 2017ರಲ್ಲಿ.

ಹಂಪ್‌ಬ್ಯಾಕ್ ಕೂಡ ಇದೆ, ಆದ್ರೆ ತೀರಾ ಕಡಿಮೆ. ಬೇರೆ ಕಡೆಯ ಹಂಪ್‌ಬ್ಯಾಕ್‌ಗಳು ತಿನ್ನೋಕೆ ತಣ್ಣನೆ ಕಡಲು, ಮರಿ ಹಾಕೋಕೆ ಬೆಚ್ಚನೆ ಕಡಲು ಅಂತ ಸಾವಿರಾರು ಕಿಲೋಮೀಟರ್ ಓಡಾಡ್ತವೆ. ಅರಬ್ಬೀ ಸಮುದ್ರದ್ದು ಮಾತ್ರ ವರ್ಷಪೂರ್ತಿ ಇಲ್ಲೇ. ಮಳೆಗಾಲದ ಗಾಳಿಗೆ ಆಳದ ತಣ್ಣೀರು ಗೊಬ್ಬರದಂಥ ಸತ್ವ ಹೊತ್ಕೊಂಡು ಮೇಲೆ ಬರತ್ತೆ, ಅದರಿಂದ ಇಲ್ಲೇ ಹೊಟ್ಟೆ ತುಂಬತ್ತೆ. ನಿಮ್ಮ ತಾರ್ಲೆ ದಪ್ಪ ಆಗೋದೂ ಅದೇ ನೀರಿಂದ. 1965-66ರಲ್ಲಿ ಸೋವಿಯತ್ ಬೇಟೆ ಹಡಗುಗಳು ಕಾನೂನು ಮೀರಿ ಈ ಕಡಲಲ್ಲಿ 242 ಹಂಪ್‌ಬ್ಯಾಕ್ ಕೊಂದಿದ್ವು. ಈಗ ಓಮನ್ ಕಡೆ ಲೆಕ್ಕ ಹಾಕಿದ್ರೆ ನೂರಕ್ಕಿಂತ ಕಡಿಮೆ ಅಂತಾರೆ, ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗತ್ತೆ. 2017ರ ಕೊನೆಗೆ ಓಮನ್‌ನಲ್ಲಿ ಉಪಗ್ರಹಕ್ಕೆ ಸಿಗ್ನಲ್ ಕಳಿಸೋ ಉಪಕರಣ ಹಾಕಿದ್ದ ಲುಬಾನ್ ಅನ್ನೋ ಹೆಣ್ಣು ತಿಮಿಂಗಿಲ ಇಡೀ ಅರಬ್ಬೀ ಸಮುದ್ರ ದಾಟಿ ಭಾರತದ ದಕ್ಷಿಣ ತುದಿಯ ಮನ್ನಾರ್ ಕೊಲ್ಲಿವರೆಗೆ ಬಂದಿತ್ತು. ಹಾಗಾಗಿ ನಿಮ್ಮ ಕಡೆ ಬೋಟಿನವರಿಗೆ ಮಾಮೂಲಿಗಿಂತ ಉದ್ದ, ಬಿಳಿ ರೆಕ್ಕೆಯ ತಿಮಿಂಗಿಲ ಕಂಡ್ರೆ ಇಂಜಿನ್ ನಿಧಾನ ಮಾಡಿ ದೂರದಿಂದಲೇ ಒಂದು ವಿಡಿಯೋ ತೆಗೀಲಿ. ಬಾಲದ ಅಡಿಭಾಗ ಸಿಕ್ಕಿದ್ರೆ ಇನ್ನೂ ಒಳ್ಳೇದು, ಅಲ್ಲಿರೋ ಕಪ್ಪು ಬಿಳಿ ಗುರುತು ಒಂದೊಂದಕ್ಕೂ ಬೇರೆ, ಯಾವ ತಿಮಿಂಗಿಲ ಅಂತ ಅದರಿಂದಲೇ ಗೊತ್ತಾಗತ್ತೆ.