‘ಮನೆಮಾತಾಯಿತು’ ಅಂದಿರಿ, ಯಾರ ಮನೆ?

ನಮಸ್ಕಾರ.

ನಿಮ್ಮ ಲೇಖನ ತಲುಪಿತು. ಅಮೆರಿಕದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಜಾಸ್ತಿ ಮೆಚ್ಚುಗೆ ಪಡೆದ ಟಿವಿ ಸರಣಿಗಳ ಬಗ್ಗೆ ಹನ್ನೊಂದು ಪುಟ. ವಿಷಯ ಹೊಸದು, ಕಾಗುಣಿತ ಶುದ್ಧ, ಹೇಳಿದ ದಿನಕ್ಕೆ ಕಳಿಸಿದ್ದೀರಿ. ಇವು ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಹೊಗಳಿಕೆ ಇಷ್ಟು ಸಾಕು.

ಈಗ ನನ್ನ ಜಗಳಕ್ಕೆ ಬರುತ್ತೇನೆ. ‘ಮನೆಮಾತಾಯಿತು’ ಅನ್ನುವ ಮಾತು ನಿಮ್ಮ ಲೇಖನದಲ್ಲಿ ಒಂಬತ್ತು ಸಲ ಬಂದಿದೆ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡು ಎಣಿಸಿದೆ. ಬಿಲ್ಕೋ ಮನೆಮಾತಾಯಿತು, ಟಾಪ್ ಕ್ಯಾಟ್ ಮನೆಮಾತಾಯಿತು, ಬೇವಾಚೂ ಮನೆಮಾತಾಯಿತು. ಒಂದು ಸಲವಾದರೂ ಆ ಮನೆಯ ಬಾಗಿಲು ತೆಗೆದು ಒಳಗೆ ಕರೆದಿರೇನ್ರೀ?

ಎರಡನೇ ಪುಟದ ಈ ಸಾಲು ನೋಡಿ: “ಫಿಲ್ ಸಿಲ್ವರ್ಸ್ ನಟಿಸಿದ ಸಾರ್ಜೆಂಟ್ ಬಿಲ್ಕೋ ಸರಣಿಯ ಸೂಕ್ಷ್ಮ ಹಾಸ್ಯ ಅಮೆರಿಕನ್ನರಿಗೆ ದಕ್ಕಲಿಲ್ಲ; ಅಭಿರುಚಿಯುಳ್ಳ ಬ್ರಿಟಿಷರಲ್ಲಿ ಅದು ಮನೆಮಾತಾಯಿತು.”

‘ದಕ್ಕಲಿಲ್ಲ’ ಅನ್ನುವುದು ಸುಳ್ಳು. ಅಮೆರಿಕದ ಟಿವಿ ಚಾನೆಲ್ ಸಿಬಿಎಸ್‌ನಲ್ಲಿ 1955ರಿಂದ 1959ರವರೆಗೆ ಓಡಿದ ಸರಣಿ ಅದು. ಸಾಲಾಗಿ ಮೂರು ವರ್ಷ ಅಲ್ಲಿನ ಟಿವಿಯ ದೊಡ್ಡ ಪ್ರಶಸ್ತಿ ಎಮ್ಮಿ ತಗೊಂಡಿದೆ. ಅರ್ಥವಾಗದೆ ಕೊಟ್ಟರೇ? ಅಮೆರಿಕದವರು ಚೆನ್ನಾಗಿಯೇ ನಕ್ಕರು. ಆಮೇಲೆ ನಿಧಾನಕ್ಕೆ ಮರೆತರು. ಬ್ರಿಟಿಷರು ಮರೆಯಲಿಲ್ಲ. ಅಷ್ಟೇ ವ್ಯತ್ಯಾಸ. ಯಾಕೆ ಮರೆಯಲಿಲ್ಲ ಅನ್ನುವುದೇ ನಿಮ್ಮ ಲೇಖನ ಆಗಬೇಕಿತ್ತು. ನೀವು ‘ಅಭಿರುಚಿ’ ಅಂತ ಒಂದು ಪದ ಹಾಕಿ ಕೈ ತೊಳೆದುಕೊಂಡಿರಿ.

ಬಿಬಿಸಿ ಇದನ್ನು ಹಾಕಲು ಶುರು ಮಾಡಿದ್ದು 1957ರಲ್ಲಿ. ಆಗ ಆ ದೇಶದಲ್ಲಿ ಇದ್ದದ್ದೇ ಎರಡು ಚಾನೆಲ್. ಒಂದು ಬಿಬಿಸಿ, ಇನ್ನೊಂದು ಎರಡು ವರ್ಷದ ಕೂಸು ಐಟಿವಿ. ಅದೂ ಎಷ್ಟೋ ಊರುಗಳಿಗೆ ಇನ್ನೂ ತಲುಪಿರಲಿಲ್ಲ. ಟಿವಿ ಹಚ್ಚಿದರೆ ಬಿಲ್ಕೋ, ಬೇಡ ಅಂದರೆ ಆರಿಸಿ ಮಲಗಬೇಕು. ಜೊತೆಗೆ ಆಗ ಬ್ರಿಟನ್ನಿನ ಹುಡುಗರು ಕಡ್ಡಾಯವಾಗಿ ಸೈನ್ಯಕ್ಕೆ ಹೋಗಿ ಬರಬೇಕಿತ್ತು. ಕೊನೆಯ ತಂಡಕ್ಕೆ ಕರೆ ಹೋದದ್ದು 1960ರಲ್ಲಿ. ಅಂದರೆ ಟಿವಿ ಮುಂದೆ ಕೂತ ಮನೆಯಲ್ಲಿ ಬೂಟು ಪಾಲಿಶ್ ಮಾಡಿ ಬೈಗುಳ ತಿಂದ ಒಬ್ಬ ಅಣ್ಣನೋ ಮಾವನೋ ಇದ್ದೇ ಇರುತ್ತಿದ್ದ. ಕೈಕೆಳಗಿನವರ ಜೇಬು ಖಾಲಿ ಮಾಡುವ, ಮೇಲಿನವರಿಗೆ ಮಣ್ಣು ಮುಕ್ಕಿಸುವ ಸಾರ್ಜೆಂಟ್ ಅವರಿಗೆ ಗೊತ್ತಿದ್ದ ಆಸಾಮಿ. ಅದೇ 1957ರಲ್ಲಿ ಐಟಿವಿ ಕೂಡ ‘ದಿ ಆರ್ಮಿ ಗೇಮ್’ ಅಂತ ತನ್ನದೇ ಬ್ಯಾರಕ್ಕಿನ ಹಾಸ್ಯ ಶುರು ಮಾಡಿತು. ಇದನ್ನು ನೀವು ಎಲ್ಲೂ ಹೇಳಿಲ್ಲ.

ಅಮೆರಿಕದಲ್ಲೂ ಕಡ್ಡಾಯ ಸೇವೆ ಇತ್ತಲ್ಲ ಅಂತ ನೀವು ಕೇಳಬಹುದು. ಕೇಳಬೇಕು. ಅದಕ್ಕೇ ನಾನು ಮರುಪ್ರಸಾರದ ಕಡೆ ಬೆರಳು ತೋರಿಸುತ್ತೇನೆ. ಅಲ್ಲಿ ಹಳೆಯ ಕಂತುಗಳನ್ನು ಊರೂರಿನ ಸ್ಟೇಷನ್ನುಗಳು ಕೊಂಡು ತಮಗೆ ಬೇಕಾದ ಹೊತ್ತಿಗೆ ಹಾಕಿಕೊಂಡವು. ಬ್ರಿಟನ್ನಿನಲ್ಲಿ ಬಿಬಿಸಿ ದಶಕಗಟ್ಟಲೆ ಮತ್ತೆ ಮತ್ತೆ ಹಾಕಿತು, ಇಡೀ ದೇಶಕ್ಕೆ ಒಂದೇ ಹೊತ್ತಿಗೆ. ಅಪ್ಪ ನಕ್ಕ ಜಾಗದಲ್ಲೇ ಮಗನೂ ನಕ್ಕ. 2003ರಲ್ಲಿ ಬ್ರಿಟನ್ನಿನ ಟಿವಿ ವಾರಪತ್ರಿಕೆ ರೇಡಿಯೋ ಟೈಮ್ಸ್‌ನ ಹಾಸ್ಯ ಕೈಪಿಡಿ ಬಿಲ್ಕೋವನ್ನೇ ಎಲ್ಲಕ್ಕಿಂತ ಒಳ್ಳೆಯ ಸಿಟ್‌ಕಾಮ್ ಅಂತ ಆರಿಸಿತು. ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಸಿಲ್ವರ್ಸ್ ನೆನಪಿಗೆ ಮ್ಯೂಸಿಯಂ ತೆರೆದದ್ದು ಎಲ್ಲಿ ಗೊತ್ತಾ? ಇಂಗ್ಲೆಂಡಿನ ಕವೆಂಟ್ರಿಯಲ್ಲಿ.

ಈ ಪದದ ಮೇಲೆ ನನಗೆ ಯಾಕಿಷ್ಟು ಸಿಟ್ಟು ಅಂದರೆ, ಅದರ ಪೆಟ್ಟು ನಾನೂ ತಿಂದಿದ್ದೇನೆ. 1993. ಶಿವಮೊಗ್ಗದಲ್ಲಿ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಮೂರು ತಿಂಗಳಾಗಿತ್ತು. ಕೇಬಲ್ ಆಗಷ್ಟೇ ಬಂದಿತ್ತು. ಸ್ಟಾರ್ ಪ್ಲಸ್‌ನಲ್ಲಿ ‘ಸಾಂತಾ ಬಾರ್ಬರಾ’ ಅಂತ ಅಮೆರಿಕದ ಧಾರಾವಾಹಿ. “ಇದು ನಮ್ಮೂರಲ್ಲಿ ಮನೆಮಾತಾಗಿದೆ” ಅಂತ ಬರೆದು ಕೊಟ್ಟೆ. ನಾನು ಅದನ್ನು ನೋಡಿದ್ದು ಓನರ್ ಮನೆಯ ಕಿಟಕಿಯಿಂದ. ಡೆಸ್ಕಿನ ಹಿರಿಯರು ಕೆಂಪು ಶಾಯಿಯಲ್ಲಿ ಆ ಪದಕ್ಕೆ ಸುತ್ತು ಹಾಕಿದರು. “ಯಾರ ಮನೆ? ಹೋಗಿ ನೋಡ್ಕೊಂಡು ಬಾ” ಅಂದರು. ತಮಾಷೆ ಅಂದುಕೊಂಡೆ. ಅಲ್ಲ. ಬಿಸಿಲಲ್ಲಿ ಹೊರಟೆ.

ಕೇಬಲ್ ಹುಡುಗ ನಕ್ಕುಬಿಟ್ಟ. “ಸಾರ್, ಜನ ನೋಡೋದು ನಾನು ವಿಸಿಆರ್‌ನಲ್ಲಿ ಹಾಕೋ ಪಿಕ್ಚರು. ಇಂಗ್ಲಿಷು ಯಾರಿಗೆ ಬೇಕು?” ಎರಡು ಬೀದಿ ಸುತ್ತಿದ ಮೇಲೆ ಒಂದೇ ಒಂದು ಮನೆಯಲ್ಲಿ ಆ ಧಾರಾವಾಹಿ ಓಡುತ್ತಿತ್ತು. ಒಬ್ಬ ಅಜ್ಜಿ, ಮಡಿಲಲ್ಲಿ ಮೊರ, ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಟಿವಿಯ ಸೌಂಡ್ ಪೂರ್ತಿ ಕಮ್ಮಿ. ಅರ್ಥ ಆಗುತ್ತಾ ಅಜ್ಜಿ ಅಂದೆ. “ಮಾತು ಯಾರಿಗೆ ಬೇಕಪ್ಪ, ಅವರ ಅಡುಗೆಮನೆ ನೋಡ್ತೀನಿ. ಎಷ್ಟು ದೊಡ್ಡದು! ಒಂದು ದಿನವೂ ಅಡುಗೆ ಮಾಡಲ್ಲ.”

ಭಾನುವಾರ ಅಜ್ಜಿಯ ಮಾತಿಂದಲೇ ಲೇಖನ ಶುರುವಾಯಿತು. ಹಿರಿಯರು ಏನೂ ಹೇಳಲಿಲ್ಲ. ಕಾಫಿ ತರಿಸಿದರು.

ಹಾಂ, ಟಾಪ್ ಕ್ಯಾಟ್. ನೀವು ಬರೆದದ್ದು: “ಟಾಪ್ ಕ್ಯಾಟ್ ಎಂಬ ಹೆಸರೇ ಬ್ರಿಟಿಷ್ ಮಕ್ಕಳ ಮನೆಮಾತಾಯಿತು.” ಅಯ್ಯೋ, ಆ ಹೆಸರು ಅಲ್ಲಿ ತೆರೆಯ ಮೇಲೆ ಉಳಿಯಲೇ ಇಲ್ಲ! ಬಿಲ್ಕೋನನ್ನೇ ಗಲ್ಲಿ ಬೆಕ್ಕು ಮಾಡಿದ ಕಾರ್ಟೂನ್ ಅದು. ಅಮೆರಿಕದ ಎಬಿಸಿಯಲ್ಲಿ 1961ರಲ್ಲಿ ಶುರುವಾಗಿ ಮೂವತ್ತೇ ಕಂತಿಗೆ ನಿಂತಿತು. ಬ್ರಿಟನ್ನಿಗೆ ಬಂದಾಗ ಅಂಗಡಿಗಳಲ್ಲಿ ಟಾಪ್ ಕ್ಯಾಟ್ ಹೆಸರಿನ ಬೆಕ್ಕಿನ ತಿಂಡಿ ಮಾರುತ್ತಿದ್ದರು. ಜಾಹೀರಾತು ಹಾಕದ ಬಿಬಿಸಿ ಆ ಹೆಸರು ಹೇಗೆ ತೋರಿಸೀತು? ಟೈಟಲ್ಲಿಗೆ ಕತ್ತರಿ ಹಾಕಿ ‘ಬಾಸ್ ಕ್ಯಾಟ್’ ಅಂತ ಅಂಟಿಸಿದರು. ಹಾಡಿಗೆ ಕತ್ತರಿ ಬೀಳಲಿಲ್ಲ, ಅದು ‘ಟಾಪ್ ಕ್ಯಾಟ್’ ಅಂತಲೇ ಕೂಗುತ್ತಿತ್ತು. ಕಣ್ಣಿಗೆ ಒಂದು ಹೆಸರು, ಕಿವಿಗೆ ಇನ್ನೊಂದು. ಹಾಗೇ ಬೆಳೆದವು ಆ ಮಕ್ಕಳು. ಇಂಥ ಬಂಗಾರ ಕಾಲಡಿ ಬಿದ್ದಿದೆ, ನೀವು ದಾಟಿಕೊಂಡು ಹೋಗಿದ್ದೀರಿ.

ಬಿಲ್ಕೋ ಬಗ್ಗೆ ಇನ್ನೊಂದು ಸಾಲು ಇದೆ, ಬಿಡಲ್ಲ. “ಚಿಂಪಾಂಜಿಯೊಂದು ಸೈನ್ಯ ಸೇರುವ ಕಂತಂತೂ ನಗೆಯ ಹೊನಲನ್ನೇ ಹರಿಸಿತು.” ನಾನು ಓದಿದೆ, ಹೊನಲು ಬರಲಿಲ್ಲ. ಚಿಂಪಾಂಜಿಯೇ ಬರಲಿಲ್ಲ. ಅದು ಸೇರಿದ್ದು ಹೇಗೆ? ಬೇಗ ಬೇಗ ಭರ್ತಿ ಮಾಡುವ ಆತುರದಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಹೆಸರೇನು ಅಂದಾಗ ಉತ್ತರವಿಲ್ಲ. ‘ಹರ್ರಿ, ಸ್ಪೀಕ್ ಅಪ್’, ಬೇಗ ಗಟ್ಟಿಯಾಗಿ ಹೇಳು ಅಂತ ಗದರಿದ್ದೇ ಅದರ ಹೆಸರಾಗುತ್ತದೆ: ಹ್ಯಾರಿ ಸ್ಪೀಕಪ್. ಆಮೇಲೆ ಅದನ್ನು ಹೊರಗೆ ಹಾಕಲು ಕೋರ್ಟ್ ಮಾರ್ಷಲ್, ಅಂದರೆ ಸೈನ್ಯದ ವಿಚಾರಣೆ; ಬಿಲ್ಕೋನೇ ವಕೀಲ. ವಿಚಾರಣೆ ನಡುವೆ ಚಿಂಪಾಂಜಿ ಸೀದಾ ಫೋನ್ ಎತ್ತಿಕೊಂಡಿತು. ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ನನ್ನ ಕಕ್ಷಿದಾರ ಬೇರೆ ವಕೀಲರಿಗೆ ಫೋನ್ ಮಾಡುತ್ತಿದ್ದಾನೆ ಅಂತ ಸಿಲ್ವರ್ಸ್ ಅಲ್ಲೇ ಹೊಸೆದು ಹೇಳಿಬಿಟ್ಟರು. ಇದನ್ನು ಬರೆಯಿರಿ. ಹೊನಲು ಪದ ನನಗೆ ಬೇಡ, ಫೋನ್ ಬೇಕು.

ಐದನೇ ಪುಟದ ಬೇವಾಚ್ ಬಗ್ಗೆ ಒಂದೇ ಮಾತು. ಕಡಲತೀರದಲ್ಲಿ ಮುಳುಗುವವರನ್ನು ಕಾಪಾಡುವವರ ಕತೆ ಅದು. 1989ರಲ್ಲಿ ಶುರುವಾದದ್ದನ್ನು ಅಮೆರಿಕದ ಚಾನೆಲ್ ಎನ್‌ಬಿಸಿ ಒಂದೇ ಸೀಸನ್ನಿಗೆ ನಿಲ್ಲಿಸಿತು. ಬ್ರಿಟನ್ನಿನಂಥ ಹೊರದೇಶಗಳಲ್ಲಿ ಚೆನ್ನಾಗಿ ಓಡಿದ್ದರಿಂದ 1991ರಲ್ಲಿ ಮತ್ತೆ ಜೀವ ಬಂತು. ಇದೆಲ್ಲ ಸರಿಯಾಗಿ ಬರೆದಿದ್ದೀರಿ. ಆದರೆ ಎರಡನೇ ಪುಟದ ‘ಸೂಕ್ಷ್ಮ ಅಭಿರುಚಿ’ ಕೆಂಪು ಈಜುಡುಗೆ ಹಾಕಿಕೊಂಡು ಮರಳಲ್ಲಿ ಓಡುವಾಗ ನಿಮಗೆ ನಗು ಬರಲಿಲ್ವಾ? ಐಟಿವಿ ಇದನ್ನು ಹಾಕುತ್ತಿದ್ದದ್ದು ಶನಿವಾರ ಸಂಜೆ. ಡಿಸೆಂಬರಿನಲ್ಲಿ ಲಂಡನ್ನಿಗೆ ನಾಲ್ಕು ಗಂಟೆಗೆ ಮುಂಚೆಯೇ ಕತ್ತಲು. ಹೊರಗೆ ಸುರಿಯುವ ಮಳೆ, ಒಳಗೆ ಕ್ಯಾಲಿಫೋರ್ನಿಯಾದ ಬಿಸಿಲು. ನನಗೆ ಮೊರ ಹಿಡಿದ ಅಜ್ಜಿಯೇ ನೆನಪಾದರು.

ಉಳಿದ ಎಂಟು ಸರಣಿಗಳ ಬಗ್ಗೆ ನಾನೇನೂ ಹೇಳಲ್ಲ, ಓದುವಾಗ ಬರೀ ಪುಟ ತಿರುವಿದೆ. ಅವನ್ನು ಬಿಡಿ. ಬಿಲ್ಕೋ, ಬೆಕ್ಕು, ಬೇಕಿದ್ದರೆ ಬೇವಾಚ್. ನಾಲ್ಕು ಪುಟ ಸಾಕು. ಬಾಸ್ ಕ್ಯಾಟ್ ಪ್ಯಾರಾ ಮೊದಲು ಬರೆದು ಸುಮ್ನೆ ಅದೊಂದನ್ನೇ ಕಳಿಸಿ, ಈ ವಾರದಲ್ಲೇ ನೋಡುತ್ತೇನೆ. ಪೆನ್ಸಿಲ್ ಚೂಪು ಮಾಡಿ ಇಟ್ಟುಕೊಂಡಿದ್ದೇನೆ.